ಬಾಬಿನ್ ಓಡಿಸಿದ ವ್ಯಾನು

ತಾರು ರಸ್ತೆ ಮುಗಿದು ಹನ್ನೊಂದು ಮೈಲಿ ಆಚೆ,
ಹೊಳೆಯ ದಂಡೆ.
ಅಕ್ಟೋಬರ್ ೯, ಬೆಳಿಗ್ಗೆ

ನನ್ನ ಚಿನಕುರಳಿಗೆ,

ಅಕ್ಕನಿಂದ ಮುದ್ದು, ಬಾಬಿನ್‌ನಿಂದ ಒಂದು ನೆಕ್ಕು. ಎರಡನೆಯದು ನಿನಗೆ ಬೇಡವೆಂದು ಗೊತ್ತು. ಆದರೆ ಅವನು ಪಕ್ಕದಲ್ಲೇ ಕೂತು ಕಾಗದದ ಮೇಲೆ ಮೂಗಿಡುತ್ತಿದ್ದಾನೆ; ಮೇಲಿನ ಮೂಲೆಯ ಒದ್ದೆ ಗುರುತು ಅವನದೇ. ಅಕ್ಕ ಅತ್ತಿದ್ದಾಳೆಂದು ತಿಳಿದು ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆ ತೋರಿಸುತ್ತ ತಿರುಗಬೇಡ.

ಅಳುವ ಮಾತೆಲ್ಲಿ ಬಂತು! ನನ್ನ ಅಕ್ಷರ ಹೀಗೆ ಕುಣಿಯುತ್ತಿರುವುದು ಖುಷಿಗೆ ಕಣೇ. ನಿನ್ನೆ ಮಧ್ಯಾಹ್ನ ಹತ್ತನೆಯ ಹೊಲಿಗೆ ಮಿಷನ್ ಟಕಟಕ ಎಂದಿತು. ಇವತ್ತು ಬೆಳಿಗ್ಗೆ, ಇಪ್ಪತ್ತಾರು ದಿನಗಳ ನಂತರ, ನನ್ನ ವ್ಯಾನು ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು! ನಾನು ಸ್ಟೀರಿಂಗಿಗೆ ಮುತ್ತು ಕೊಟ್ಟೆ. ನೋಡುತ್ತಿದ್ದ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ನಗಲಿ, ನನಗೇನು!

ಯಾವ ಮಿಷನ್, ವ್ಯಾನಿಗೆ ಏನಾಗಿತ್ತು ಎಂದು ನೀನು ಕಣ್ಣು ಕೆಕ್ಕರಿಸುವುದು ಇಲ್ಲಿಗೇ ಕಾಣುತ್ತಿದೆ. ಅದಕ್ಕೇ ಈ ಕಾಗದ. ಟಪಾಲಣ್ಣ ಹೊರಗೆ ತನ್ನ ಹೇಸರಗತ್ತೆಗೆ ನೀರು ಕುಡಿಸುತ್ತ, "ಬೇಗ ಬರೀರಿ ಅಕ್ಕಾ, ಬಿಸಿಲೇರೋದ್ರೊಳಗೆ ನಾನು ಗುಡ್ಡ ಇಳೀಬೇಕು" ಎಂದು ಅವಸರ ಮಾಡುತ್ತಿದ್ದಾನೆ. ಫೋನಿನ ಟವರ್ ಇರುವುದು ಎರಡು ಗುಡ್ಡದಾಚೆ. ವಾರಕ್ಕೊಮ್ಮೆ ಬರುವ ಇವನೇ ನಮಗೆ ಎಲ್ಲ. ಆದ್ದರಿಂದ ಅಡ್ಡಾದಿಡ್ಡಿ ಬರೆದಿದ್ದರೆ ಸಹಿಸಿಕೋ.

ನಿನ್ನ ಮೂರೂ ಕಾಗದಗಳು ಒಟ್ಟಿಗೇ ಕೈಸೇರಿದವು. ಮೊದಲನೆಯದರಲ್ಲಿ, "ಐವತ್ತೈದು ವರ್ಷಕ್ಕೆ ಇದೇನು ಬಂತು ನಿನಗೆ, ಬ್ರೆಡ್ ಸಾಗಿಸೋ ಡಬ್ಬಾ ವ್ಯಾನಲ್ಲಿ ಬೀದಿನಾಯಿ ಕಟ್ಕೊಂಡು ಅಲೆಯೋದು" ಎಂದು ಬೈದಿದ್ದೀಯ. ಎರಡನೆಯದರಲ್ಲಿ ಅದೇ ಬೈಗುಳ, ಜೊತೆಗೆ ಕೆಮ್ಮಿನ ಮಾತ್ರೆ. ಮೂರನೆಯದರಲ್ಲಿ ಬೈಗುಳವೇ ಇಲ್ಲ. "ನಾನೇನು ತಪ್ಪು ಮಾಡಿದೆ ಅಂತ ಬಿಟ್ಟು ಹೋದೆ ಅಕ್ಕಾ, ಅದನ್ನಾದ್ರೂ ಹೇಳು" ಎಂಬ ಒಂದೇ ಸಾಲು. ನೀನೇನೂ ತಪ್ಪು ಮಾಡಿಲ್ಲ, ತಾಯಿ. ಅಪ್ಪನ ರಿಪೇರಿ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತು ಕಂಡವರ ಹೊಲಿಗೆ ಮಿಷನ್ನುಗಳ ಹೊಟ್ಟೆ ಬಿಚ್ಚಿದವಳು ನಾನು. ಶಟರ್ ಎತ್ತಿದರೆ ಎದುರಿನ ಗುಂಡಿ ಅಂಗಡಿಯ ಗೋಡೆ, ಇಳಿಸಿದರೆ ಅದೇ ಗೋಡೆಯ ನೆರಳು. ಒಮ್ಮೆ ದೂರ ನೋಡಬೇಕೆನಿಸಿತು. ಅಷ್ಟೇ ಎಂದಿಟ್ಟುಕೋ.

ಎಂಥ ದೂರ ಗೊತ್ತಾ ಇಲ್ಲಿ! ಬೆಳಿಗ್ಗೆ ವ್ಯಾನಿನ ಹಿಂಬಾಗಿಲು ತೆಗೆದರೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಕೊನೆಯದು ಮೋಡವೋ ಗುಡ್ಡವೋ ಹೇಳಲಾಗುವುದಿಲ್ಲ. ನನ್ನ ಮನೆಯ ಉದ್ದ ಒಂಬತ್ತು ಹೆಜ್ಜೆ, ಅಗಲ ಮೂರು. ಬ್ರೆಡ್ಡಿನ ಹಲಗೆಗಳಲ್ಲಿ ನಾಲ್ಕನ್ನು ಜೋಡಿಸಿ ಮಂಚ ಮಾಡಿದ್ದೇನೆ. ಉಳಿದವುಗಳ ಮೇಲೆ ಉಪಕರಣ, ಪಾತ್ರೆ, ಎರಡು ಸೀರೆ, ಎರಡು ಸ್ವೆಟರ್. ಒಂದೇ ಉರಿಯ ಒಲೆ. ಮೊದಲು ಚಹಾ, ಆಮೇಲೆ ಅದೇ ಒಲೆಯಲ್ಲಿ ಆಲೂಗಡ್ಡೆ, ಆಮೇಲೆ ಸ್ನಾನದ ನೀರು. ಮನೆಯಲ್ಲಿ ನಾಲ್ಕು ಒಲೆಯಿದ್ದಾಗ ನಾಲ್ಕರ ಮೇಲೂ ಏನಾದರೂ ಉಕ್ಕುತ್ತಿತ್ತು. ಈಗ ಏನೂ ಉಕ್ಕುವುದಿಲ್ಲ. ಒಂದು ಕಾಯುತ್ತಿರುವಾಗ ಇನ್ನೊಂದಕ್ಕೆ ಜಾಗವೇ ಇಲ್ಲವಲ್ಲ!

ಬಾಬಿನ್‌ನ ವಿಷಯ. ನೀನು "ಅದು" ಅನ್ನುತ್ತೀಯ, ನಾನು "ಅವನು" ಅನ್ನುತ್ತೇನೆ. ಏಳು ತಿಂಗಳಾದರೂ ಈ ಜಗಳ ಮುಗಿದಿಲ್ಲ. ದರ್ಜಿಗಳ ಬೀದಿಯಲ್ಲಿ ಚಿಂದಿ ಬಟ್ಟೆಯ ರಾಶಿಯೊಳಗೆ ಹುಟ್ಟಿದವನು ಇಲ್ಲಿ ಬಂದು ಹದ್ದನ್ನು ನೋಡಿ ಬೊಗಳುವುದನ್ನು ಕಲಿತಿದ್ದಾನೆ. ಹದ್ದು ಕ್ಯಾರೇ ಅನ್ನುವುದಿಲ್ಲ. ಆದರೂ ಅದು ಕಣ್ಮರೆಯಾದ ಮೇಲೆ, ತಾನೇ ಓಡಿಸಿದವನಂತೆ ಎದೆ ಸೆಟೆಸಿಕೊಂಡು ಬಂದು ನನ್ನ ಪಾದದ ಮೇಲೆ ಕೂರುತ್ತಾನೆ.

ಈಗ ತಪ್ಪೊಪ್ಪಿಗೆ. ಹೋದ ಕಾಗದದಲ್ಲಿ "ಆರಾಮಾಗಿದ್ದೇನೆ, ಒಂದು ಬಿಡಿಭಾಗ ಬರಬೇಕಿದೆ, ಅದಕ್ಕೇ ಇಲ್ಲಿ ನಿಂತಿದ್ದೇನೆ" ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಸುಳ್ಳೆಂದರೆ ಪೂರ್ತಿ ಸುಳ್ಳಲ್ಲ, ಮುಕ್ಕಾಲು. ನಡೆದದ್ದನ್ನು ಹೇಳುತ್ತೇನೆ, ಬೈಯುವುದನ್ನು ಕೊನೆಗಿಟ್ಟುಕೋ.

ಸೆಪ್ಟೆಂಬರ್ ಹದಿಮೂರರ ಮಧ್ಯಾಹ್ನ. ಹೊಳೆಯ ಮೇಲಿನ ಇಳಿಜಾರಿನಲ್ಲಿ ವ್ಯಾನು ನಿಲ್ಲಿಸಿ ನೀರು ತರಲು ಕೊಡ ಹಿಡಿದು ಇಳಿದೆ. ಈ ವ್ಯಾನಿನ ಹ್ಯಾಂಡ್ ಬ್ರೇಕು ಸೋಮಾರಿ, ಚಕ್ರಕ್ಕೆ ಕಲ್ಲು ಕೊಡಲೇಬೇಕು. ದಿನವೂ ಕೊಡುತ್ತಿದ್ದೆ. ಅವತ್ತು ಹೊಳೆ ನೋಡಿದ ಸಂಭ್ರಮದಲ್ಲಿ ಮರೆತೆ. ಗ್ಯಾಸ್ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದ ನಿನ್ನ ಅಕ್ಕ ಮರೆತಳು! ಅರ್ಧ ದಾರಿ ಇಳಿದು ತಿರುಗಿ ನೋಡುತ್ತೇನೆ, ವ್ಯಾನು ನನ್ನ ಹಿಂದೆಯೇ ಬರುತ್ತಿದೆ. ಮೆಲ್ಲಗೆ, ಸದ್ದೇ ಇಲ್ಲದೆ. ಡ್ರೈವರ್ ಸೀಟಿನಲ್ಲಿ ಬಾಬಿನ್ ಕೂತಿದ್ದಾನೆ, ಮುಂಗಾಲೆರಡೂ ಸ್ಟೀರಿಂಗಿನ ಮೇಲೆ, ಕಿವಿ ನೆಟ್ಟಗೆ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ.

ಅವನಿಗೆ ಸವಾರಿ, ನನಗೆ ಪ್ರಾಣಸಂಕಟ. ಕೊಡ ಎಸೆದು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಾಗಿಲ ಹಿಡಿಗೆ ಕೈ ತಾಗಿತು, ಜಾರಿತು. ಅಷ್ಟರಲ್ಲಿ ವೇಗ ಹೆಚ್ಚಿತು. ಮುಂದಿನ ಚಕ್ರ ದಂಡೆಯಿಂದ ಧುಮುಕಿತು, ಸೌಟು ಪಾತ್ರೆಗಳೆಲ್ಲ ಒಟ್ಟಿಗೆ ಕಿರುಚಿದವು, ವ್ಯಾನು ಮೂತಿ ಕೆಳಗೆ ಮಾಡಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ನೀರು ಹೆಡ್‌ಲೈಟಿನವರೆಗೆ. ಬಾಬಿನ್ ಕಿಟಕಿಯಿಂದ ಹಾರಿದ. ಹಾರಿದವನು ಮೂರೇ ಕಾಲಲ್ಲಿ ನಿಂತ. ಎಡ ಮುಂಗಾಲು ದಾರದಲ್ಲಿ ಕಟ್ಟಿ ಇಳಿಬಿಟ್ಟಂತೆ ತೂಗಾಡುತ್ತಿತ್ತು.

ಆಗ ಅತ್ತೆ. ಅದನ್ನು ಮುಚ್ಚಿಡುವುದಿಲ್ಲ. ಅವನನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲೇ ಕೂತು ನಿನ್ನ ಹೆಸರು ಹಿಡಿದು ಕೂಗಿದೆ. ಇನ್ನೂರು ಮೈಲಿ ದೂರದಲ್ಲಿ ಯಾರದೋ ತೋಳಿನಿಂದ ರಕ್ತ ತೆಗೆಯುತ್ತ ಕೂತವಳನ್ನು ಕೂಗಿ ಏನು ಪ್ರಯೋಜನ? ಆದರೂ ಬಾಯಿಗೆ ಬಂದದ್ದು ನೀನೇ.

ನೀನು ಬರಲಿಲ್ಲ, ಕತ್ತರಿಯಜ್ಜಿ ಬಂದಳು. ಆಚೆ ದಂಡೆಯಲ್ಲಿ ಹನ್ನೊಂದು ಮನೆಗಳ ಒಂದು ಕುರಿಗಾರರ ಹಟ್ಟಿಯಿದೆ, ಅಲ್ಲಿನ ಹಿರಿಯಳು. ಎಪ್ಪತ್ತು ದಾಟಿದ ಕೈಯಲ್ಲಿ ಈಗಲೂ ದಿನಕ್ಕೆ ಇಪ್ಪತ್ತು ಕುರಿಗಳ ಉಣ್ಣೆ ಕತ್ತರಿಸುತ್ತಾಳೆ; ಹೆಸರು ಬಂದದ್ದೇ ಹಾಗೆ. ಮೊಣಕಾಲುದ್ದ ನೀರು ದಾಟಿ ಬಂದವಳು ನನ್ನನ್ನು ಕೇಳಲಿಲ್ಲ, ವ್ಯಾನನ್ನೂ ನೋಡಲಿಲ್ಲ. ನೇರವಾಗಿ ನಾಯಿಯ ಕಾಲು ಹಿಡಿದಳು. ಇದು ನಾಯಿ, ನಿಮಗೆ ಗೊತ್ತಾಗುತ್ತಾ ಎಂದು ನಾನು ಬಿಕ್ಕುತ್ತ ಕೇಳಿದ್ದಕ್ಕೆ, "ಕುರಿ ಕಾಲಾದ್ರೇನು ನಾಯಿ ಕಾಲಾದ್ರೇನು, ಮೂಳೆ ಮೂಳೇನೇ. ನೀನು ಸುಮ್ನೆ ಅವನ ತಲೆ ಹಿಡ್ಕೋ" ಅಂದಳು. ಎರಡು ಮರದ ಪಟ್ಟಿ, ನಡುವೆ ಉಣ್ಣೆ, ಮೇಲೆ ಬಿಗಿಯಾಗಿ ಬಟ್ಟೆ. ಬಾಬಿನ್ ಒಮ್ಮೆ ಕುಂಯ್ ಎಂದ, ಅಷ್ಟೇ. "ನೋಡು, ನಿನಗಿಂತ ಅವನೇ ವಾಸಿ" ಎಂದು ನನ್ನ ಬೆನ್ನಿಗೆ ಒಂದು ಬಿಟ್ಟಳು.

ಆಮೇಲೆ ಮೇಲುಗಡೆ ಕೈ ತೋರಿಸಿದಳು. ಗುಡ್ಡದ ನೆತ್ತಿ ಕಪ್ಪಾಗಿತ್ತು. ಅಲ್ಲಿ ಮಳೆ ಹೊಯ್ದರೆ ಎರಡು ಗಂಟೆಯಲ್ಲಿ ಇಲ್ಲಿ ಹೊಳೆ ಏರುತ್ತದಂತೆ. ಏರಿದರೆ ವ್ಯಾನು ಸಮುದ್ರಕ್ಕೆ! ಅವಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಆ ವಯಸ್ಸಿನ ಹೆಂಗಸು ಸಿಳ್ಳೆ ಹಾಕುವುದನ್ನು ನಾನು ನೋಡಿರಲಿಲ್ಲ. ಮನೆಮನೆಯಿಂದ ಜನ ಇಳಿದರು. ಹದಿನೇಳು ಮಂದಿ, ಅವರಲ್ಲಿ ಹನ್ನೆರಡು ಹೆಂಗಸರು, ಎರಡು ಹೇಸರಗತ್ತೆ, ಕುರಿ ಕಟ್ಟುವ ಹಗ್ಗವನ್ನು ಮೂರು ಎಳೆ ಹೊಸೆದ ಒಂದು ದಪ್ಪ ಮಿಣಿ. ನಾನೂ ಸೆರಗು ಬಿಗಿದು ಹಗ್ಗ ಹಿಡಿದೆ. ಮೊದಲ ಎಳೆತಕ್ಕೆ ವ್ಯಾನು ಮಿಸುಕಲಿಲ್ಲ. ಎರಡನೆಯದಕ್ಕೆ ಹಗ್ಗ ಜಾರಿ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಬಿದ್ದವರು ಅಳುವುದು ಬಿಟ್ಟು ನಗತೊಡಗಿದರು ಕಣೇ! ಹೊಳೆಯ ನೀರು ಕೆಂಪಗಾಗುತ್ತಿದೆ, ನನ್ನ ಮನೆ ಮುಳುಗುವುದರಲ್ಲಿದೆ, ನಾನೂ ನಗುತ್ತಿದ್ದೇನೆ. ನಾಲ್ಕನೆಯ ಎಳೆತಕ್ಕೆ ಬಂಡೆ ಕಿರ್ರೆಂದು ದಾರಿ ಬಿಟ್ಟಿತು. ವ್ಯಾನು ಹಿಂದುಹಿಂದಾಗಿ ದಂಡೆ ಹತ್ತಿದ ಅರ್ಧ ಗಂಟೆಗೆ, ಅದು ನಿಂತಿದ್ದ ಜಾಗದಲ್ಲಿ ಒಂದು ಆಳೆತ್ತರ ನೀರು ಹರಿಯಿತು.

ರೇಡಿಯೇಟರ್ ಒಡೆದಿತ್ತು, ಸ್ಟೀರಿಂಗಿನ ರಾಡು ಡೊಂಕಾಗಿತ್ತು, ಇಂಜಿನ್ನಿನಲ್ಲಿ ಮರಳು. ಅವತ್ತಿನ ಕಾಗದದಲ್ಲಿ ನಿನಗೆ "ಬಿಡಿಭಾಗ" ಎಂದು ಬರೆದೆ. ಪೂರ್ತಿ ಬರೆದಿದ್ದರೆ ನೀನು ಮರುದಿನವೇ ಬಿಳಿ ಕೋಟಿನಲ್ಲಿ ಬಸ್ಸು ಹತ್ತುತ್ತಿದ್ದೆ. ನಾನು ಮರುಮಾತಿಲ್ಲದೆ ನಿನ್ನ ಹಿಂದೆ ಬಂದುಬಿಡುತ್ತಿದ್ದೆ. ಅದಕ್ಕೇ ಬರೆಯಲಿಲ್ಲ.

ಮೊದಲ ಏಳು ದಿನ ಹೇಗೆ ಕಳೆದವು ಎಂದು ಕೇಳಬೇಡ. ಬಾಬಿನ್ ಹಾಲು ಮುಟ್ಟಲಿಲ್ಲ. ನೀನು ಹೇಳಿದ ಒಂದೊಂದು ಮಾತೂ ನೆನಪಾಗಿ, ಹೌದು, ನನಗೆ ಹುಚ್ಚು, ಹುಚ್ಚಲ್ಲದೆ ಇನ್ನೇನು ಎಂದುಕೊಂಡೆ. ಹದಿನೈದು ದಿನಕ್ಕೊಮ್ಮೆ ಉಣ್ಣೆ ಒಯ್ಯಲು ಒಂದು ಲಾರಿ ಬರುತ್ತದೆ. ಅದರ ಹಿಂದೆ ವ್ಯಾನು ಕಟ್ಟಿಸಿಕೊಂಡು ಊರಿಗೆ ಮರಳುವುದೆಂದು ನಿಶ್ಚಯಿಸಿದೆ. ಬಟ್ಟೆಗಂಟು ಕಟ್ಟಿದೆ. ಉಪಕರಣದ ಪೆಟ್ಟಿಗೆಗೆ ಬೀಗ ಹಾಕಿದೆ.

ಲಾರಿ ಬರುವ ಹಿಂದಿನ ದಿನ ಬಾಬಿನ್‌ಗೆಂದು ಉಣ್ಣೆಯ ತುಂಡು ಕೇಳಲು ಅವರ ಗೋದಾಮಿಗೆ ಹೋದೆ. ಒಳಗೆ ಹೆಂಗಸರು ನೆಲದ ಮೇಲೆ ಕೂತು, ಒಳಗೆ ಉಣ್ಣೆ ತುಂಬಿದ ದಪ್ಪ ಕೋಟುಗಳನ್ನು ಕೈಯಲ್ಲೇ ಹೊಲಿಯುತ್ತಿದ್ದರು. ಬೆರಳ ತುದಿಗಳು ಜರಡಿಯಾಗಿವೆ. ಆ ಸೂಜಿಯನ್ನು ಅಷ್ಟು ದಪ್ಪಕ್ಕೆ ದಾಟಿಸುವುದೆಂದರೆ ಹಲ್ಲು ಕಿತ್ತಂತೆ. ಮೂಲೆಯಲ್ಲಿ ಗೋಣಿ ಹೊದಿಸಿದ ಸಾಲೊಂದಿತ್ತು. ಎತ್ತಿ ನೋಡುತ್ತೇನೆ, ಹತ್ತು ಹೊಲಿಗೆ ಮಿಷನ್ನುಗಳು! ಒಳ್ಳೆಯ ಭಾರದ ಕಬ್ಬಿಣದ ದೇಹ, ಅಪ್ಪ ನೋಡಿದ್ದರೆ ಕೈಮುಗಿಯುತ್ತಿದ್ದ. ಯಾವುದೋ ಕಾಲದಲ್ಲಿ ಯಾವುದೋ ಇಲಾಖೆ ಕೊಟ್ಟಿತಂತೆ. ಒಂದೊಂದಾಗಿ ಕೆಟ್ಟು ನಿಂತು ಆರು ವರ್ಷ. ಯಾರೂ ರಿಪೇರಿಗೆ ಬರಲಿಲ್ಲವೇ ಎಂದರೆ ಅಜ್ಜಿಯ ಸೊಸೆ ನಕ್ಕಳು: "ಇಲ್ಲಿಗೆ ದಾರಿ ತಪ್ಪಿದವರು ಬಿಟ್ರೆ ಯಾರು ಬರ್ತಾರೆ ಅಕ್ಕಾ?"

ದಾರಿ ತಪ್ಪಿದವಳು ನಾನು ಇದ್ದೆನಲ್ಲ! ಬೀಗ ತೆಗೆದೆ. ಸಂಜೆಯೊಳಗೆ ಮೊದಲ ಮಿಷನ್ನಿನ ಅಡಿದಾರ ಕೂರುವ ಶಟಲ್ಲಿನಿಂದ ಒಂದು ಮುಷ್ಟಿ ಉಣ್ಣೆ, ಒಂದು ಜೇಡರ ಗೂಡು, ಮುರಿದ ಮೂರು ಸೂಜಿ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಪೆಡಲ್ ತುಳಿದೆ. ಟಕಟಕಟಕ! ಆಮೇಲೆ ಕತ್ತರಿಯಜ್ಜಿ ನನ್ನನ್ನು ಸ್ಟೂಲಿನಿಂದ ಪಕ್ಕಕ್ಕೆ ತಳ್ಳಿ ತಾನೇ ಕೂತು ಒಂದು ತೋಳು ಹೊಲಿದಳು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದಳು. ಸದ್ದು ಕೇಳುವುದಕ್ಕಂತೆ!

ಮರುದಿನ ಲಾರಿ ಬಂತು. ಡ್ರೈವರ್ ನನ್ನ ಗಂಟು ನೋಡಿ, "ಎಲ್ಲಿಗೆ ಅಕ್ಕಾ, ಮನೆಗಾ?" ಎಂದು ಕೇಳಿದ. ನಾನು ಯೋಚಿಸಲೇ ಇಲ್ಲ. "ಇಲ್ಲಪ್ಪ, ಮನೆ ಇಲ್ಲೇ ಇದೆಯಲ್ಲ" ಎಂದು ಆ ಮೂತಿ ಜಜ್ಜಿದ ವ್ಯಾನಿನ ಕಡೆ ಕೈ ತೋರಿಸಿಬಿಟ್ಟೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯ. ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಗಂಟು ಬಿಚ್ಚಿದೆ. ಬೇಕಾದ ಬಿಡಿಭಾಗಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನ ಸಲ ಬರುವಾಗ ತಂದ. ಬರೀ ತಂದದ್ದಲ್ಲ, ಮೂರು ದಿನ ತನ್ನ ಲಾರಿ ನಿಲ್ಲಿಸಿ ನನ್ನ ಜೊತೆ ವ್ಯಾನಿನ ಕೆಳಗೆ ಮಲಗಿದ. ಅವನು ಇಂಜಿನ್ ಹೇಳಿಕೊಟ್ಟ, ನಾನು ಅವನ ಹೆಂಡತಿಯ ಮಿಷನ್ನಿನ ದಾರದ ಟೆನ್ಶನ್ ಸರಿಮಾಡುವುದನ್ನು ಹೇಳಿಕೊಟ್ಟೆ.

ಹತ್ತನೆಯ ಮಿಷನ್ನಿನ ಕಥೆ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ಅದನ್ನು ನಾನು ರಿಪೇರಿ ಮಾಡಲಿಲ್ಲ! ಅಜ್ಜಿಯ ಸೊಸೆ ಮಾಡಿದಳು. ಮೊದಲ ದಿನದಿಂದ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದವಳು. ಐದನೆಯದಕ್ಕೆ ಸ್ಕ್ರೂ ಬಿಚ್ಚಿದಳು, ಎಂಟನೆಯದಕ್ಕೆ ಶಟಲ್ ಕೂರಿಸಿದಳು. ಹತ್ತನೆಯದಕ್ಕೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನಡುವೆ ಒಮ್ಮೆ ಮುಂದೆ ತೋಚದೆ ನಿಂತು, "ಅಕ್ಕಾ, ನೀವೇ ಮಾಡಿ, ನನ್ ಕೈಲಾಗಲ್ಲ" ಎಂದು ಅಳುಮುಖ ಮಾಡಿದಳು. ನಾನು ಬಾಯಿ ಬಿಡಲಿಲ್ಲ. ನೀನು ಬಲ್ಲೆ, ನನಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ! ಅವಳು ಕಣ್ಣೊರೆಸಿಕೊಂಡು ಮತ್ತೆ ಬಿಚ್ಚಿದಳು. ಕೊನೆಗೆ ಅದು ಟಕ್ಕೆಂದಾಗ ಅವಳು ಕಿರುಚಿದ್ದಕ್ಕೆ ಕುರಿಗಳು ದಿಕ್ಕಾಪಾಲಾದವು. ನಿನಗೂ ಕಲಿಸಲು ನೋಡಿದ್ದೆ. ನೀನು ಎಣ್ಣೆ ವಾಸನೆ ಎಂದು ಮೂಗು ಮುಚ್ಚಿಕೊಂಡು ಓಡಿದ್ದೆ. ಅಪ್ಪನ ವಿದ್ಯೆ ನನ್ನ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ. ಈಗ ಅದು ಹನ್ನೊಂದು ಮನೆಯ ಹಟ್ಟಿಯಲ್ಲಿ ಕೂತಿದೆ.

ಇಲ್ಲೇ ಇದ್ದುಬಿಡು, ಗೋದಾಮಿನ ಪಕ್ಕದ ಕೋಣೆ ನಿನ್ನದೇ ಎಂದು ಅಜ್ಜಿ ಪಟ್ಟು ಹಿಡಿದಳು. ಹೊಳೆಯ ಮೇಲ್ಭಾಗದಲ್ಲಿ ಇಂಥವೇ ಇನ್ನೂ ನಾಲ್ಕು ಹಟ್ಟಿಗಳಿವೆಯಂತೆ, ಅಲ್ಲೂ ಗೋಣಿಯಡಿ ಮಿಷನ್ನುಗಳು ಮಲಗಿವೆಯಂತೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಮುನಿಸಿಕೊಂಡು, ಆಮೇಲೆ ತಾನೇ ಒಂದು ಕೋಟು ತಂದು ಹೆಗಲಿಗೆ ಹಾಕಿದಳು. ಅದಕ್ಕಿಂತ ಚಿಕ್ಕದೊಂದು ಬಾಬಿನ್‌ಗೆ! ನಾಲ್ಕು ತೋಳಿನ ಕೋಟು ಹೊಲಿದದ್ದು ಅವಳ ಜೀವಮಾನದಲ್ಲಿ ಮೊದಲಂತೆ. ಬಾಬಿನ್ ಈಗ ನಾಲ್ಕೂ ಕಾಲೂರಿ ನಡೆಯುತ್ತಾನೆ, ಸ್ವಲ್ಪ ಕುಂಟು. ಆದರೆ ಕೋಟು ಹಾಕಿಕೊಂಡ ಮೇಲೆ ಕುಂಟುವುದರಲ್ಲೂ ಒಂದು ಠೀವಿ ಬಂದಿದೆ.

ಟಪಾಲಣ್ಣ ಕೂಗುತ್ತಿದ್ದಾನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಬೆಚ್ಚಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ, ಕೆಮ್ಮಿಲ್ಲ. ಮಾತ್ರೆಗಳನ್ನು ಅಜ್ಜಿಗೆ ಕೊಟ್ಟೆ.

ನಿನ್ನನ್ನು ಒಂಬತ್ತನೆಯ ವಯಸ್ಸಿನಿಂದ ತಲೆ ಬಾಚಿ ಬೆಳೆಸಿದ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನ್ನ ಮೂರನೆಯ ಕಾಗದಕ್ಕೆ ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧ ಇದು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವ ಅವರು ನಾಲ್ಕು ವರ್ಷದಿಂದ ನಿನ್ನನ್ನು ಸ್ಕೂಟರಿನಲ್ಲಿ ಬೀದಿಯ ತಿರುವಿನವರೆಗೆ ಬಿಟ್ಟು ಹೋಗುತ್ತಿದ್ದದ್ದು ನನಗೆ ಗೊತ್ತು. ಒಮ್ಮೆ ನನ್ನ ಅಂಗಡಿಗೂ ಬಂದಿದ್ದರು. ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು, ಬೆವರೊರೆಸಿಕೊಂಡು, ಏನೂ ಹೇಳಲಾರದೆ ಒಂದು ಪೊಟ್ಟಣ ಸೂಜಿ ಕೊಂಡು ಹೋದರು. ಹೊಲಿಗೆ ಮಿಷನ್ನೇ ಇಲ್ಲದ ಮನೆಗೆ ಸೂಜಿ! ಫೆಬ್ರುವರಿಯಲ್ಲಿ ನೀನು ಬಾಲ್ಕನಿಯಲ್ಲಿ ಫೋನಿಗೆ, "ಅಕ್ಕ ಇರೋವರೆಗೂ ಆ ಮಾತು ಬೇಡ" ಅಂದದ್ದು ನನ್ನ ಕಿವಿಗೆ ಬಿತ್ತು. ಮುಂದಿನ ತಿಂಗಳು ವ್ಯಾನು ಕೊಂಡೆ. ಮೊದಲ ಎರಡು ದಿನ ತ್ಯಾಗಮಯಿಯ ಹಾಗೆ ದಾರಿಯುದ್ದ ಕಣ್ಣೀರು ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಾನು ಹಾಡುತ್ತಿದ್ದೇನೆ. ಅವತ್ತು ಸಂಜೆಯವರೆಗೆ ನಿನ್ನ ನೆನಪೇ ಬರಲಿಲ್ಲ! ಅಲ್ಲಿಗೆ ತ್ಯಾಗ ಮುಗಿಯಿತು. ಆದ್ದರಿಂದ ನನ್ನ ಋಣ ಅಂತೇನೂ ತಲೆ ಮೇಲೆ ಹೊರಬೇಡ. ಅವರನ್ನು ತಿರುವಿನವರೆಗೆ ಅಲ್ಲ, ಮನೆಯೊಳಗೆ ಕರೆ. ಮದುವೆಯ ದಿನ ಗೊತ್ತುಮಾಡಿ ಬರೆ, ಬರುತ್ತೇನೆ. ಮೂರು ದಿನ ಇದ್ದು ಹೊರಡುತ್ತೇನೆ. ಇನ್ನೂ ಇರಿ ಅಂತ ಗಂಡ ಹೆಂಡತಿ ಇಬ್ಬರೂ ಸೇರಿಕೊಂಡು ಗಲಾಟೆ ಮಾಡಬಾರದು. ಈಗಲೇ ಹೇಳಿದ್ದೇನೆ.